ಲೊಕೇಶನ್ ಕೇಳ್ಬೇಡಿ, ಪ್ಲೀಸ್

1/9

ಮೊದಲನೇ ಫೋಟೋದಲ್ಲಿ ಕಾಣ್ತಿರೋದು ಒಂದು ಕಲ್ಲು. ನನ್ನ ಎದೆಮಟ್ಟಕ್ಕೆ ಬರುತ್ತೆ. ಹಿಂದೆ ಏನಿದೆ ಅಂತ ಕಾಣಬಾರದು ಅಂತಾನೇ ಇಷ್ಟು ಕ್ರಾಪ್ ಮಾಡಿದ್ದೀನಿ. ಎಡಗಡೆ ಮೇಲಿನ ಮೂಲೆ ನೋಡಿ. ಅಲ್ಲಿ ಮಾತ್ರ ಕಲ್ಲಿನ ಬಣ್ಣ ಬೆಳ್ಳಗಿದೆ, ಯಾಕಂದ್ರೆ ಅದು ಈ ವರ್ಷ ಒಡೆದಿದ್ದು. ಉಳಿದ ಕಲ್ಲೆಲ್ಲ ಎಣ್ಣೆ, ಹೊಗೆ, ಮಳೆ ತಿಂದು ಕಪ್ಪಾಗಿದೆ.

ಸೆಪ್ಟೆಂಬರ್ 24ಕ್ಕೆ ನಾನು ಎನ್‌ಎಸ್‌ಎಸ್ ಸೇರಿ ಒಂದು ವರ್ಷ. "ಒಂದು ವರ್ಷದ ರೀಕ್ಯಾಪ್ ಹಾಕು" ಅಂತ ಕ್ಲಾಸ್‌ನವರು ಒಂದು ವಾರದಿಂದ ಹೇಳ್ತಿದ್ದೀರ. ಹಾಕ್ತಿದ್ದೀನಿ. ಆದ್ರೆ ಮ್ಯೂಸಿಕ್ ಹಾಕಿ, ಕಸ ಗುಡಿಸೋ ಕ್ಲಿಪ್ ಜೋಡಿಸಿ, ಕೊನೆಗೆ ಸರ್ಟಿಫಿಕೇಟ್ ತೋರಿಸೋ ರೀಕ್ಯಾಪ್ ಅಲ್ಲ ಇದು. ಆ ಮೂಲೆ ಹೇಗೆ ಒಡೀತು ಅನ್ನೋದನ್ನ ಹೇಳ್ಬೇಕು. ಅದರಲ್ಲಿ ನನ್ನ ಪಾಲೂ ಇರಬಹುದು.

ಸ್ವಲ್ಪ ಉದ್ದ ಇದೆ. ಬಸ್ಸಲ್ಲಿ ಕೂತಿದ್ರೆ ಓದಿ.

2/9

ಮೊದಲು ನಿಜ ಹೇಳ್ತೀನಿ. ನಾನು ಎನ್‌ಎಸ್‌ಎಸ್ ಸೇರಿದ್ದು ಸಮಾಜಸೇವೆ ಮಾಡೋಣ ಅಂತಲ್ಲ. ಅಟೆಂಡೆನ್ಸ್ ಸಿಗುತ್ತೆ ಅಂತ ಸೀನಿಯರ್ ಅಕ್ಕ ಒಬ್ರು ಹೇಳಿದ್ರು, ಅದಕ್ಕೆ. ಎರಡು ವರ್ಷಕ್ಕೆ 240 ಗಂಟೆ, ಅಂದ್ರೆ ವರ್ಷಕ್ಕೆ 120, ಜೊತೆಗೆ ಏಳು ದಿನದ ಕ್ಯಾಂಪು. ಬಿಕಾಂ ಬುದ್ಧಿ ನೋಡಿ, ನಾನು ಮೊದಲ ದಿನಾನೇ 120ನ್ನ ಭಾನುವಾರಗಳಿಂದ ಭಾಗಿಸಿದ್ದೆ.

ನನ್ನ ಊರು ಮಾಕಳಿ. ಹೊಸ ಫಾಲೋವರ್ಸ್‌ಗೆ: ಇದು ನೀವು ಟ್ರೆಕ್ಕಿಂಗ್ ಹೋಗೋ ಮಾಕಳಿದುರ್ಗ ಅಲ್ಲ. ಅದು ದೊಡ್ಡಬಳ್ಳಾಪುರದ ಕಡೆ. ನಮ್ಮದು ತುಮಕೂರು ರೋಡಲ್ಲಿ, ಮಾದಾವರ ದಾಟಿದ ಮೇಲೆ, ನೆಲಮಂಗಲಕ್ಕಿಂತ ಮುಂಚೆ ಸಿಗೋ ಮಾಕಳಿ. 2024ರ ನವೆಂಬರ್ 7ಕ್ಕೆ ಮಾದಾವರದ ತನಕ ಮೆಟ್ರೊ ಬಂತಲ್ಲ, ಆಮೇಲೆ ನಿಮ್ಮಲ್ಲಿ ಕೆಲವರು "ನಿಮ್ಮೂರು ಈಗ ಬೆಂಗಳೂರಾಯ್ತು ಬಿಡು" ಅಂದ್ರಿ. ನಮ್ಮಜ್ಜಿ ಈಗಲೂ ಯಶವಂತಪುರಕ್ಕೆ ಹೊರಟ್ರೆ "ಬೆಂಗಳೂರಿಗೆ ಹೋಗ್ಬತ್ತೀನಿ" ಅಂತಾರೆ.

ಹೆದ್ದಾರಿ ಪಕ್ಕ ಹುಟ್ಟಿ ಬೆಳೆದೋಳು ನಾನು. ಲಾರಿ, ಗೋಡೌನು, ಟೋಲು, ಸೈಟು ಮಾರಾಟಕ್ಕಿದೆ ಅನ್ನೋ ಬೋರ್ಡು. "ಹೆರಿಟೇಜ್" ಅಂದ್ರೆ ಹಂಪಿ, ಬೇಲೂರು, ಒಂದು ದಿನದ ಟ್ರಿಪ್ಪು, ಅಷ್ಟೇ ಅಂದ್ಕೊಂಡಿದ್ದೆ.

3/9

ವರ್ಷದ ಮೊದಲ ಅರ್ಧ ಬೇಗ ಹೇಳಿ ಮುಗಿಸ್ತೀನಿ, ಎಲ್ಲಾ ಕಾಲೇಜಲ್ಲೂ ಆಗೋದೇ ಆಗಿದ್ದು. ಕೆರೆ ದಂಡೆ ಮೇಲೆ ಪ್ಲಾಸ್ಟಿಕ್ ಆರಿಸಿದ್ವಿ. ಮುಂದಿನ ಭಾನುವಾರ ಹೋದ್ರೆ ಅಷ್ಟೇ ಪ್ಲಾಸ್ಟಿಕ್ ಇತ್ತು. ಸರ್ಕಾರಿ ಶಾಲೆ ಕಾಂಪೌಂಡಿಗೆ ಬಣ್ಣ ಹೊಡೆದ್ವಿ. ಮಕ್ಕಳಿಗೆ ಮಗ್ಗಿ ಹೇಳ್ಕೊಡೋಕೆ ಹೋಗಿ, 17ರ ಮಗ್ಗಿಯಲ್ಲಿ ನಾನೇ ತೊದಲಿದ್ದು ನಿಮಗೆಲ್ಲ ಗೊತ್ತು. ಆ ವಿಡಿಯೋ ಡಿಲೀಟ್ ಮಾಡಿ ಅಂತ ಇನ್ನೂ ಕೇಳ್ತಿದ್ದೀನಿ.

ಒಂದು ಭಾನುವಾರ ಮಾತ್ರ ಬೇರೆ ಥರ ಇತ್ತು. ಹೆಸರಘಟ್ಟ ಕೆರೆ ನೋಡೋಕೆ ಹೋಗಿದ್ವಿ. ಅರ್ಕಾವತಿಗೆ ಅಡ್ಡ ಕಟ್ಟಿದ್ದು, 1894ರದ್ದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲ. ಬೆಂಗಳೂರಿಗೆ ಮೊದಲ ಸಲ ಪೈಪಲ್ಲಿ ನೀರು ಬಂದಿದ್ದು ಇಲ್ಲಿಂದ, 1896ರಲ್ಲಿ. ಇಟ್ಟಿಗೆ ಕಾಲುವೆಯಲ್ಲಿ ನೀರು ತಾನಾಗೇ ಇಳಿಜಾರಿಗೆ ಹರಿದು ಬಂದು, ಸೋಲದೇವನಹಳ್ಳಿಯಲ್ಲಿ ಪಂಪ್ ಆಗಿ, ಮಲ್ಲೇಶ್ವರಕ್ಕೆ ಹೋಗ್ತಿತ್ತು. ನಾನು ಸೋಲದೇವನಹಳ್ಳಿ ಹೆಸರು ಕೇಳಿದ್ದು ಕಾಲೇಜುಗಳ ಬೋರ್ಡಲ್ಲಿ ಮಾತ್ರ. ನಮ್ಮ ಕಡೆಯ ನೀರು ಕುಡಿದು ಬೆಳೆದ ಊರು ನಮ್ಮನ್ನ ನೋಡಿ "ಅಷ್ಟು ದೂರದಿಂದ ಬರ್ತೀಯಾ" ಅಂತ ಕೇಳುತ್ತೆ.

ಅವತ್ತು ವಾಪಸ್ ಬರ್ತಾ ಬಸ್ಸಲ್ಲಿ, "ನಮ್ಮ ಹೋಬಳಿಯಲ್ಲಿ ಇನ್ನೇನೇನಿದೆ ಸರ್?" ಅಂತ ನಮ್ಮ ಎನ್‌ಎಸ್‌ಎಸ್ ಆಫೀಸರ್ ಸರ್‌ನ ಕೇಳ್ದೆ. ಕೇಳಿದ್ದೇ ತಡ, ಕೆಲಸ ಅಂಟಿಸಿದ್ರು.

4/9

ಸರ್ ನಮಗೆ ಕಳಿಸಿದ್ದು ಒಂದು ಪಿಡಿಎಫ್. 'ಎಪಿಗ್ರಾಫಿಯಾ ಕರ್ನಾಟಿಕಾ', ಒಂಬತ್ತನೇ ಸಂಪುಟ, 1905. ಬಿ. ಎಲ್. ರೈಸ್ ಅನ್ನೋರು ಮಾಡಿದ್ದು. ಬೆಂಗಳೂರಲ್ಲೇ ಹುಟ್ಟಿದ ಇಂಗ್ಲಿಷಿನೋರು. ಮೈಸೂರು ಸಂಸ್ಥಾನದ ಊರೂರಿಗೆ ತಂಡ ಕಳಿಸಿ ಸುಮಾರು 9,000 ಶಾಸನ ಬರೆಸಿ, ಅಚ್ಚು ಹಾಕಿಸಿದ್ದಾರೆ. ಒಂಬತ್ತನೇದು ಬೆಂಗಳೂರು ಜಿಲ್ಲೆಯದು. ನೆಲಮಂಗಲ ತಾಲ್ಲೂಕು, ಇಂಥಾ ಊರು, ಇಂಥಾ ಹೊಲದಲ್ಲಿ ಇರೋ ಕಲ್ಲು ಅಂತ ನಂಬರ್ ಸಮೇತ ಇದೆ.

ಆಡಿಟಿಂಗ್ ಪೇಪರಲ್ಲಿ ಓದಿದ್ದೀವಲ್ಲ, ಫಿಸಿಕಲ್ ವೆರಿಫಿಕೇಷನ್? ಪುಸ್ತಕದಲ್ಲಿ ಹತ್ತು ಮೆಷೀನ್ ಅಂತ ಇದ್ರೆ ಆಡಿಟರ್ ಹೋಗಿ ಹತ್ತೂ ಇದೆಯಾ ಅಂತ ಕಣ್ಣಾರೆ ನೋಡ್ಬೇಕು. ನಮ್ಮ ಕೆಲಸ ಅದೇ. ಪುಸ್ತಕ 1905ರದ್ದು, ಆಡಿಟ್ 2025ರದ್ದು.

ಇದೇನು ನಾವೇ ಮೊದಲು ಮಾಡಿದ್ದಲ್ಲ. ನೃಪತುಂಗ ರಸ್ತೆಯಲ್ಲಿರೋ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳನ್ನ ಒಂದೊಂದಾಗಿ ಹುಡುಕಿ 3ಡಿ ಸ್ಕ್ಯಾನ್ ಮಾಡ್ತಿದ್ದಾರೆ. ಕಲ್ಲು ನಾಳೆ ಹೋದ್ರೂ ಅಕ್ಷರ ಉಳೀಲಿ ಅಂತ. ಹೆಬ್ಬಾಳದ ಕಲ್ಲಿನ ಕಥೆ ಕೇಳಿ. 2018ರಲ್ಲಿ ನೆಲ ಅಗೆಯುವಾಗ ಸಿಕ್ಕಿದ ವೀರಗಲ್ಲು. ಗಂಗರ ಶ್ರೀಪುರುಷನ ಕಾಲ, ಸುಮಾರು ಕ್ರಿ.ಶ. 750. ಯುದ್ಧದಲ್ಲಿ ಸತ್ತವನ ಹೆಸರು ಕಿತ್ತಯ್ಯ. ಹೆಬ್ಬಾಳದ ಹಳೇ ಹೆಸರು ಪೆರ್ಬೊಳಲ್ ಅಂತ ಅದರಲ್ಲೇ ಇದೆ. ನೀವು ದಿನಾ ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್ಕಲ್ಲಿ ನಿಂತು ಬೈತೀರಲ್ಲ, ಅದರ ಸುತ್ತಮುತ್ತಲೇ 1,270 ವರ್ಷದ ಹಿಂದೆ ಕಿತ್ತಯ್ಯ ಅನ್ನೋನು ಇದ್ದ. ಊರಿನವರು, ಆಸಕ್ತರು ಸೇರಿ ಈಗ ಆ ಕಲ್ಲಿಗೆ ಮಂಟಪ ಕಟ್ಟಿಸಿದ್ದಾರೆ.

5/9

ನಮ್ಮ ಆಡಿಟ್ ರಿಪೋರ್ಟ್ ಚಿಕ್ಕದಾಗಿ: ಕೆಲವು ಕಲ್ಲು ಸಿಕ್ಕವು, ಕೆಲವು ಸಿಗಲಿಲ್ಲ. ಒಂದು ಕಲ್ಲಿನ ಮೇಲೆ ಬಟ್ಟೆ ಒಗೀತಿದ್ರು. ಒಂದಕ್ಕೆ ದೇವಸ್ಥಾನದವರು ಹಳದಿ ಆಯಿಲ್ ಪೇಂಟ್ ಹೊಡೆದು ಅಕ್ಷರಾನೇ ಮುಚ್ಚಿಟ್ಟಿದ್ರು, ಪಾಪ, ಭಕ್ತಿಗೆ. ಒಂದು "ರೋಡ್ ಅಗಲ ಮಾಡ್ದಾಗ ಹೋಯ್ತು" ಅಂದ್ರು. ಎಲ್ಲಿಗೆ ಹೋಯ್ತು ಅಂದ್ರೆ ಕೈ ಆಡಿಸಿದ್ರು.

ನೀವೂ ನಿಮ್ಮೂರಲ್ಲಿ ಇಂಥ ಕಲ್ಲು ನೋಡಿದ್ರೆ ಗೊತ್ತಾಗ್ಲಿ ಅಂತ ನಾವು ಕಲ್ತಿದ್ದು ಹೇಳ್ತೀನಿ.

ಮೂರು ಹಂತದ ಚಿತ್ರ ಇದ್ರೆ ಸಾಮಾನ್ಯವಾಗಿ ಅದು ವೀರಗಲ್ಲು. ಕೆಳಗಿಂದ ಓದ್ಬೇಕು. ಕೆಳಗೆ ಜಗಳ: ಬಿಲ್ಲು, ಕತ್ತಿ, ಕೆಲವೊಮ್ಮೆ ಹಸುಗಳು. ಹಸು ಇದ್ರೆ ತುರು ಕಾಯೋಕೆ ಹೋಗಿ ಸತ್ತೋನು. ಮಧ್ಯದಲ್ಲಿ ಅಪ್ಸರೆಯರು ಅವನನ್ನ ಎತ್ಕೊಂಡು ಹೋಗ್ತಾರೆ. ಮೇಲೆ ಲಿಂಗದ ಮುಂದೆ ಕೂತಿರ್ತಾನೆ. ತುದೀಲಿ ಸೂರ್ಯ ಚಂದ್ರ, ಅವಿರೋ ತನಕ ಇವನ ಹೆಸರಿರಲಿ ಅಂತ. ಬಳೆ ತೊಟ್ಟ ಒಂದು ಕೈ ಮಾತ್ರ ಮೇಲೆದ್ದಿದ್ರೆ ಅದು ಮಾಸ್ತಿಕಲ್ಲು. ಬರೀ ಸಾಲು ಸಾಲು ಅಕ್ಷರ ಇದ್ರೆ ಹೆಚ್ಚಾಗಿ ದಾನಶಾಸನ. ಅದರ ಕೊನೇಲಿ ಶಾಪ ಇರುತ್ತೆ: ಈ ದಾನ ಕಿತ್ಕೊಂಡೋರು 60,000 ವರ್ಷ ಹೇಸಿಗೆಯಲ್ಲಿ ಹುಳ ಆಗಿ ಹುಟ್ತಾರೆ ಅಂತ. ಈಗಿನ ಸೇಲ್ ಡೀಡ್‌ಗೂ ಇದನ್ನ ಸೇರಿಸ್ಬೇಕಿತ್ತು.

ಅಕ್ಷರ ಕಾಣದಿದ್ರೆ ಸೀಮೆಸುಣ್ಣ ತಿಕ್ಬೇಡಿ, ಆ್ಯಸಿಡ್ ಬೇಡ, ತಂತಿ ಬ್ರಷ್ ಬೇಡ. ಮೆತ್ತನೆ ಬ್ರಷ್ಷು, ನೀರು, ಅಷ್ಟೇ. ಸಂಜೆ ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನ ಕಲ್ಲಿನ ಪಕ್ಕದಿಂದ ಹಿಡೀರಿ, ಎದುರಿಂದ ಅಲ್ಲ. ಅಕ್ಷರದ ಗುಂಡಿಯಲ್ಲಿ ನೆರಳು ಬಿದ್ದು ಎದ್ದು ಕಾಣುತ್ತೆ. ನಾನು ಮೊದಲ ಸಲ ಹಾಗೆ ಹಿಡಿದಾಗ, ಖಾಲಿ ಅಂದ್ಕೊಂಡಿದ್ದ ಕಲ್ಲಲ್ಲಿ 'ಶ್ರೀ' ಕಾಣಿಸ್ತು. ಮೈ ಜುಮ್ ಅಂತು.

6/9

ಈಗ ಆ ಒಡೆದ ಮೂಲೆಯ ಕಲ್ಲು.

ಜನವರಿಯಲ್ಲಿ ನಮ್ಮ ಏಳು ದಿನದ ಕ್ಯಾಂಪ್ ಇತ್ತು. ಊರ ಹೆಸರು ಹೇಳಲ್ಲ. ಒಂದು ಹೊಲದ ಬದುವಿನ ಮೇಲೆ ಈ ವೀರಗಲ್ಲು. ಕೆಳಗೆ ನಾಲ್ಕು ಹಸು, ಬಿಲ್ಲು ಹಿಡಿದ ಒಬ್ಬ. ಟಾರ್ಚ್ ಎಲ್ಲಾ ಕಡೆಯಿಂದ ಹಿಡಿದ್ವಿ, ಒಂದಕ್ಷರ ಇಲ್ಲ. ರೈಸ್ ಅವರ ಪುಸ್ತಕದಲ್ಲೂ ಇಲ್ಲ. ಇರೋದೂ ಇಲ್ಲ, ಯಾಕಂದ್ರೆ ಅದು ಶಾಸನಗಳ ಪುಸ್ತಕ. ಬರಹ ಇಲ್ಲದ ಕಲ್ಲು ಲೆಕ್ಕಕ್ಕೆ ಬರಲ್ಲ. ಕಿತ್ತಯ್ಯನಿಗೆ ಅಕ್ಷರ ಇತ್ತು, ಹೆಸರು ಉಳೀತು. ಇವನಿಗೆ ಇಲ್ಲ.

ನಾವು ನೋಡ್ತಿದ್ದ ಹಾಗೇ ಒಬ್ರು ಅಜ್ಜಿ ಬಂದ್ರು, ಸೊಂಟದ ಮೇಲೆ ಹುಲ್ಲಿನ ಹೊರೆ.

"ಯಾರವ್ವ ನೀವು, ಸರ್ಕಾರದೋರಾ?"

"ಇಲ್ಲ ಅಜ್ಜಿ, ಕಾಲೇಜಿನವ್ರು."

"ಹಂಗಾರೆ ಚಪ್ಲಿ ಬುಟ್ಟು ನಿಂತ್ಕಳ್ರಿ. ಅವ್ನು ನಮ್ಮ ಈರಪ್ಪ."

ಹೆಸರಿದೆ! ಈರಪ್ಪ ಅಂದ್ರೆ ವೀರಪ್ಪ. ನಿಜವಾದ ಹೆಸರೋ, ವೀರ ಅನ್ನೋದೇ ಹೆಸರಾಯ್ತೋ, ಯಾರಿಗೆ ಗೊತ್ತು. ಅಜ್ಜಿ ಮದುವೆಯಾಗಿ ಈ ಊರಿಗೆ ಬಂದಾಗ ಅವರತ್ತೆ ಮೊದಲು ಕರ್ಕೊಂಡು ಬಂದಿದ್ದು ಈ ಕಲ್ಲಿನ ಹತ್ರವಂತೆ. ಹೊಸ ರಾಗಿ ತೆನೆ ಮೊದಲು ಇವನಿಗೆ, ಆಮೇಲೆ ಕಣಕ್ಕೆ. ಸಂಕ್ರಾಂತಿ ದಿನ ಕಿಚ್ಚು ಹಾಯಿಸೋ ಮುಂಚೆ ಊರ ದನಗಳನ್ನೆಲ್ಲ ಈ ಕಲ್ಲಿನ ಮುಂದೆ ಹಾಯಿಸ್ಕೊಂಡು ಹೋಗ್ತಾರೆ.

"ಯಾಕಜ್ಜಿ?"

"ಯಾಕೆ ಅಂದ್ರೆ? ದನ ಕಾಯೋಕೋಗಿ ಸತ್ತವ್ನೆ. ಎಲ್ಲಾ ವಾಪಸ್ ಬಂದವಾ ಇಲ್ವಾ ಅಂತ ಅವ್ನು ಎಣಿಸ್ಕಬೇಕಲ್ವಾ?"

ಆ ಸಂಕ್ರಾಂತಿಗೆ ನಾವು ಅಲ್ಲೇ ಇದ್ವಿ. ಎರಡನೇ ಫೋಟೋ ಅದೇ. ಅಜ್ಜಿ ಚಿಕ್ಕವರಿದ್ದಾಗ ನೂರಾರು ದನ ಇದ್ವಂತೆ. ನಾನು ಎಣಿಸಿದ್ದು 23. ಅದರಲ್ಲಿ ಆರು ಸೀಮೆ ಹಸು.

7/9

ಇಲ್ಲಿಂದ ನನ್ನ ತಪ್ಪು ಶುರು.

ಶಿವರಾತ್ರಿ ಮುಗಿದ ಮೇಲೆ, ಮಾರ್ಚ್ ಮೊದಲ ವಾರ, ಕ್ಯಾಂಪಲ್ಲಿ ತೆಗೆದ ವಿಡಿಯೋ ಜೋಡಿಸಿ ಒಂದು ರೀಲ್ ಹಾಕ್ದೆ. ನೆನಪಿರಬಹುದು ನಿಮಗೆ, ಟಾರ್ಚ್ ಬೆಳಕು, ಹಿಂದೆ ಡೊಳ್ಳಿನ ಸದ್ದು, "ಇಲ್ಲಿ ಯಾರಿಗೂ ಗೊತ್ತಿಲ್ಲದ ರಹಸ್ಯ ಇದೆ" ಅಂತ ದೊಡ್ಡ ಅಕ್ಷರ. ರಹಸ್ಯ ಏನೂ ಇರಲಿಲ್ಲ. ಇಡೀ ಊರಿಗೆ ಗೊತ್ತಿದ್ದ ಕಲ್ಲು ಅದು. ಆದ್ರೆ ಹಾಗೆ ಬರೆದ್ರೆ ಜನ ನಿಲ್ಲಿಸಿ ನೋಡ್ತಾರೆ ಅಂತ ಬರೆದೆ. ಊರ ಹೆಸರು ಹಾಕ್ದೆ. ಕಾಮೆಂಟಲ್ಲಿ ಯಾರೋ ಲೊಕೇಶನ್ ಕೇಳಿದ್ರು, ಮ್ಯಾಪ್ ಪಿನ್ ಕಳಿಸ್ದೆ. ಇನ್ನೊಬ್ರು ಕೇಳಿದ್ರು, ಅವರಿಗೂ ಕಳಿಸ್ದೆ. ಆಮೇಲೆ ಕಾಪಿ ಪೇಸ್ಟ್ ಮಾಡ್ತಾ ಹೋದೆ. ಯಾರಿಗೆ ಅಂತಾನೂ ನೋಡ್ಲಿಲ್ಲ.

ನನ್ನ ಅಕೌಂಟಲ್ಲಿ ಅಷ್ಟು ಜನ ನೋಡಿದ್ದು ಅದೊಂದನ್ನೇ. ಕ್ಯಾಂಟೀನಲ್ಲಿ ಟ್ರೀಟ್ ಕೊಡಿಸಿದ್ದೆ, ತಿಂದೋರು ಇಲ್ಲೇ ಇದ್ದೀರ.

ಮಾರ್ಚ್ 30, ಯುಗಾದಿ. ಬೆಳಗ್ಗೆ ಎಣ್ಣೆ ಹಚ್ಕೊಂಡು ಸ್ನಾನಕ್ಕೆ ಕೂತಿದ್ದೆ. ಅಜ್ಜಿಯ ಮೊಮ್ಮಗನ ಫೋನ್ ಬಂತು. ಕ್ಯಾಂಪಲ್ಲಿ ಪರಿಚಯ ಆಗಿದ್ದ ಹುಡುಗ, ಪಿಯುಸಿ. "ಅಕ್ಕ, ರಾತ್ರಿ ಯಾರೋ ಕಲ್ಲು ಕಿತ್ತಾಕವ್ರೆ" ಅಂದ.

8/9

ಹಿಂದಿನ ರಾತ್ರಿ ಅಮಾವಾಸ್ಯೆ. ಕಲ್ಲು ಇದ್ದ ಜಾಗದಲ್ಲಿ ಸೊಂಟದುದ್ದ ಗುಂಡಿ. ಸುತ್ತ ಕುಯ್ದ ನಿಂಬೆಹಣ್ಣು, ಕುಂಕುಮ, ಅರ್ಧ ಉರಿದ ಕರ್ಪೂರ. ಈರಪ್ಪ ಬದುವಿನ ಕೆಳಗೆ ಮಕಾಡೆ ಬಿದ್ದಿದ್ದ. ಹಾರೆ ಹಾಕಿ ಮೀಟಿದ ಕಡೆ ಮೂಲೆ ಚಕ್ಕೆ ಎದ್ದಿತ್ತು. ನಿಧಿ ಆಸೆಗೆ ಅಗೆಯೋರು ಇರ್ತಾರೆ ಅಂತ ಪೇಪರಲ್ಲಿ ಓದಿರ್ತೀರಲ್ಲ, ಅದೇ. ವೀರಗಲ್ಲಿನ ಕೆಳಗೆ ಚಿನ್ನ ಇರುತ್ತೆ ಅನ್ನೋ ಸುಳ್ಳು ನಂಬಿಕೆಗೆ ಕರ್ನಾಟಕದಲ್ಲಿ ಎಷ್ಟೋ ಕಲ್ಲು ಬಿದ್ದಿವೆ.

ನನ್ನ ರೀಲ್ ನೋಡೇ ಬಂದ್ರಾ? ಇವತ್ತಿಗೂ ಗೊತ್ತಿಲ್ಲ. ಬೇರೆ ಯಾರಿಂದಾದ್ರೂ ತಿಳಿದಿರಬಹುದು. ನಮ್ಮಮ್ಮ "ನಿನ್ನಿಂದ ಅಲ್ಲ ಬಿಡು" ಅಂತಾರೆ. ಆದ್ರೆ ನಾನು ಪಿನ್ ಕಳಿಸಿದ ಅಕೌಂಟುಗಳನ್ನ ಕೂತು ಎಣಿಸ್ದೆ. 61. ಅದರಲ್ಲಿ ನನಗೆ ಗೊತ್ತಿರೋರು ಒಂಬತ್ತು ಜನ. ರೀಲ್ ಡಿಲೀಟ್ ಮಾಡ್ದೆ. ಕಳಿಸಿದ್ದು ಕಳಿಸಿದ್ದೇ, ವಾಪಸ್ ಬರಲ್ಲ.

ಮಧ್ಯಾಹ್ನ ಹೋಳಿಗೆ ಬಿಟ್ಟು ಅಲ್ಲಿಗೆ ಹೋದೆ. ಅಜ್ಜಿ ಗುಂಡಿ ಪಕ್ಕ ಕೂತಿದ್ರು. ನಾನು ರೀಲ್ ವಿಷಯ ಎಲ್ಲಾ ಹೇಳಿದೆ. ಅವರಿಗೆ ರೀಲ್ ಅಂದ್ರೇನು ಅಂತ ಮೊಮ್ಮಗ ಬಿಡಿಸಿ ಹೇಳಿದ. ಬೈತಾರೆ ಅಂದ್ಕೊಂಡೆ, ಬೈಯ್ಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ದನ ಕಾಯ್ಕಂಡಿದ್ದೋನ ತಾವ ಎಲ್ಲವ್ವ ಚಿನ್ನ ಇರ್ತದೆ" ಅಂದ್ರು. ಆಮೇಲೆ, "ತೋರ್ಸಿದ್ದಕ್ಕೇನು, ತೋರ್ಸು. ದಾರಿ ಹೇಳ್ಬಾರ್ದಾಗಿತ್ತು" ಅಂದ್ರು.

ನಾನು ಅತ್ತೆ. ಇದನ್ನ ಬರೀಬೇಕಾ ಬೇಡವಾ ಅಂತ ಯೋಚಿಸ್ದೆ. ಬರೆದಿದ್ದೀನಿ.

9/9

ಮರುದಿನ ಹೊಸತೊಡಕು. ಊರಿನ ಎಂಟು ಜನ, ಹಗ್ಗ, ಬೊಂಬು, ಹಾರೆ. ನಮ್ಮ ಕ್ಯಾಂಪಿನ ನಾಲ್ಕು ಹುಡುಗರೂ ಬಂದಿದ್ರು. ಕೆಲವರು ಸಿಮೆಂಟ್ ಹಾಕಿ ಟೈಲ್ಸ್ ಕಟ್ಟೆ ಮಾಡೋಣ ಅಂದ್ರು. ಸರ್ ಫೋನಲ್ಲೇ ಬೇಡ ಅಂದ್ರು. ಸಿಮೆಂಟಲ್ಲಿ ಹೂತ್ರೆ ಮುಂದೆ ತೆಗೆಯೋವಾಗ ಕಲ್ಲೇ ಒಡೆಯುತ್ತೆ, ಕೆಳಗಿನ ಹಂತದ ಚಿತ್ರಾನೂ ಮುಚ್ಚಿಹೋಗುತ್ತೆ. ಹಳೇ ಗುಂಡಿಗೇ ಇಳಿಸಿ, ಸುತ್ತ ಸಣ್ಣ ಕಲ್ಲು ಜಡಿದು, ಮಣ್ಣು ತುಂಬಿ ದಮ್ಮಸು ಮಾಡಿದ್ವಿ. ಒಡೆದ ಚಕ್ಕೆ ಅಜ್ಜಿ ಮನೆ ದೇವರ ಗೂಡಲ್ಲಿದೆ.

ಆ ಎರಡು ದಿನದ ಗಂಟೆಗಳನ್ನ ನಾನು ಎನ್‌ಎಸ್‌ಎಸ್ ಡೈರಿಯಲ್ಲಿ ಬರೆದಿಲ್ಲ. ಸರ್ ಬರಿ ಅಂದ್ರು. ನನಗೆ ಆಗ್ಲಿಲ್ಲ.

ಆಮೇಲೆ ನಮ್ಮ ತಂಡದ ಕೆಲಸದ ರೀತಿ ಬದಲಾಯ್ತು. ಕಲ್ಲಿನ ಫೋಟೋ, ಅಳತೆ, ಜಾಗ ಎಲ್ಲಾ ಒಂದು ರಿಜಿಸ್ಟರಲ್ಲಿ ಬರೀತೀವಿ. ಅದು ಸರ್ ಹತ್ರ ಇರುತ್ತೆ, ಕೆಲಸಕ್ಕೆ ಬೇಕಾದವರಿಗೆ ಮಾತ್ರ ಕೊಡ್ತೀವಿ. ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡ್ತೀವಿ, ಯಾಕಂದ್ರೆ ಫೋಟೋ ಒಳಗೇ ಜಾಗ ದಾಖಲಾಗಿರುತ್ತೆ, ಡಾಕ್ಯುಮೆಂಟ್ ಆಗಿ ವಾಟ್ಸಾಪಲ್ಲಿ ಕಳಿಸಿದ್ರೆ ಅದೂ ಜೊತೆಗೆ ಹೋಗುತ್ತೆ. ಅಕ್ಷರ ಇಲ್ಲದ ಕಲ್ಲುಗಳಿಗೂ ನಂಬರ್ ಕೊಡ್ತೀವಿ. ಆ ನಂಬರಿನ ಮುಂದೆ ಒಂದು ಕಾಲಂ ಇದೆ: "ಊರಿನವರು ಏನಂತಾರೆ". ಮೊದಲ ಸಾಲಲ್ಲಿ ಈರಪ್ಪ ಇದ್ದಾನೆ.

ಆ ಕಾಲಂ ಬೇಗ ತುಂಬಿಸ್ಬೇಕು. ಅಜ್ಜಿಗೆ ವಯಸ್ಸಾಗಿದೆ. ಪಕ್ಕದ ಹೊಲ ಆಗಲೇ ಲೇಔಟ್ ಆಗಿದೆ, ಗೂಟ ಹೊಡೆದು ಸೈಟ್ ನಂಬರ್ ಬರೆದಿದ್ದಾರೆ. ನಾಳೆ ಈ ಹೊಲವೂ ಮಾರಾಟ ಆದ್ರೆ ಕಲ್ಲನ್ನ ಅಲ್ಲೇ ಉಳಿಸಿ ಅಂತ ಊರಿನವರ ಸಹಿ ಹಾಕಿಸಿ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೀವಿ. ಕಲ್ಲು ಉಳಿದ್ರೂ ಅದರ ಮುಂದೆ ಹಾಯೋಕೆ ದನ ಇರ್ತವಾ ಅನ್ನೋದಕ್ಕೆ ಯಾವ ಅರ್ಜಿ ಕೊಡ್ಬೇಕೋ ತಿಳೀತಿಲ್ಲ. ಇಷ್ಟು ವರ್ಷ ಈರಪ್ಪನ್ನ ಕಾದಿದ್ದು ಪುಸ್ತಕ ಅಲ್ಲ, ನನ್ನ ರೀಲಂತೂ ಅಲ್ಲ. ಮೊದಲ ತೆನೆ ಇಟ್ಟೋರು, ವರ್ಷಕ್ಕೊಂದು ಸಲ ದನ ಹೊಡ್ಕೊಂಡು ಬಂದೋರು.

ನಿಮ್ಮಲ್ಲಿ ಕೇಳೋದು ಇಷ್ಟೇ. ದಸರಾ ರಜಕ್ಕೆ ಊರಿಗೆ ಹೋಗ್ತೀರಲ್ಲ, ಅಲ್ಲಿ ಹೊಲದ ಬದುವಿನಲ್ಲೋ, ಮಾರಮ್ಮನ ಗುಡಿ ಹಿಂದೋ ಇಂಥ ಕಲ್ಲು ಇದ್ದೇ ಇರುತ್ತೆ. ಒಂದು ಫೋಟೋ ತೆಗೀರಿ. ಉದ್ದ ಅಗಲ ಅಳೀರಿ. ಮನೇಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರನ್ನ ಕೂರಿಸ್ಕೊಂಡು "ಇದು ಯಾರು?" ಅಂತ ಕೇಳಿ, ಹೇಳಿದ್ದನ್ನ ಹಾಗೇ ರೆಕಾರ್ಡ್ ಮಾಡ್ಕೊಳ್ಳಿ. ಅಕ್ಷರ ಇದ್ರೆ ಮಿಥಿಕ್ ಸೊಸೈಟಿಯವರಿಗೆ ತಿಳಿಸಿ. ಪೋಸ್ಟ್ ಮಾಡ್ಲೇಬೇಕು ಅಂದ್ರೆ ಮಾಡಿ. ದಾರಿ ಹೇಳ್ಬೇಡಿ.

ಈ ಫೋಟೋಗಳನ್ನ ಹಾಕೋ ಮುಂಚೆ ಹೋದ ಭಾನುವಾರ ಅಜ್ಜಿ ಹತ್ರ ಹೋಗಿ ಕೇಳಿದೆ. ರಾಗಿ ಮೊಣಕಾಲುದ್ದ ಬಂದಿದೆ ಈಗ. "ಊರ ಹೆಸ್ರು ಹಾಕಲ್ಲ ತಾನೇ?" ಅಂದ್ರು. ಹಾಕಲ್ಲ ಅಜ್ಜಿ ಅಂದೆ. ನಾನು ಫೋನ್ ಎತ್ತಿದ ಕೂಡ್ಲೆ "ಅಯ್ಯ ತಡಿ, ಬರೀ ತಲೇಲಿ ಫೋಟಾ ತೆಗಿತೀಯಾ" ಅಂತ ಮನೆಗೆ ಹೋಗಿ, ಕನಕಾಂಬರ ತಂದು ಕಲ್ಲಿಗೆ ಮುಡಿಸಿ ಪಕ್ಕಕ್ಕೆ ಸರಿದ್ರು.

ಕೊನೇ ಫೋಟೋದಲ್ಲಿ ಅಂಚಿಗೆ ಒಂದು ಕೈ ಕಾಣುತ್ತಲ್ಲ, ಹಸಿರು ಗಾಜಿನ ಬಳೆ. ಅದು ಅವರದ್ದೇ.

#ನನಗಲ್ಲನಿನಗೆ #ವೀರಗಲ್ಲು #ಮಾಕಳಿ #ದಾರಿಹೇಳಲ್ಲ